ನೇಮಕಾತಿ ಪತ್ರಕ್ಕೂ ಮೊದಲು

ಅಸಂಘಟಿತ ವಲಯದಲ್ಲಿ ದುಡಿಯುವ ಹೆಂಗಸರಿಗೆ ಕಾಯಂ ಉದ್ಯೋಗ ದೊರಕಿಸುವ ಮಾತು ಬಂದಾಗಲೆಲ್ಲ ಚರ್ಚೆಯು ತರಬೇತಿಯಿಂದ ಆರಂಭವಾಗಿ ತರಬೇತಿಯಲ್ಲೇ ಮುಗಿಯುವುದು ನನಗೆ ಅಚ್ಚರಿಯೆನಿಸುತ್ತದೆ. ವರ್ಷಗಟ್ಟಲೆ ಹೊಲಿಗೆ, ಅಡುಗೆ, ರೋಗಿಗಳ ಆರೈಕೆ ಮಾಡಿದವರಲ್ಲಿ ಅನೇಕರಿಗೆ ಕೊರತೆಯಿರುವುದು ಕೌಶಲದ್ದಲ್ಲ, ಅದನ್ನು ಸಾಬೀತುಪಡಿಸುವ ಕಾಗದದ್ದು. ಈಗಾಗಲೇ ಇರುವ ಅನುಭವವನ್ನು ಪರೀಕ್ಷಿಸಿ ಪ್ರಮಾಣಪತ್ರ ನೀಡುವುದೇ ಹೆಚ್ಚು ಉಪಯುಕ್ತವೆಂಬುದು ನನ್ನ ಅಭಿಪ್ರಾಯ.

ಅದಕ್ಕಿಂತ ದೊಡ್ಡ ತೊಡಕು ಮನೆಯೊಳಗಿನದು. ಮಗುವನ್ನು ನೋಡಿಕೊಳ್ಳುವವರಿಲ್ಲದ ತಾಯಿಗೆ ನಿಗದಿತ ವೇಳೆಯ ಉದ್ಯೋಗವು, ಸಂಬಳ ಎಷ್ಟೇ ಚೆನ್ನಾಗಿದ್ದರೂ, ಕೈಗೆಟುಕುವುದಿಲ್ಲ. ಅಂದಂದಿನ ಕೂಲಿಯಲ್ಲೇ ಸಂಸಾರ ತೂಗಿಸುವವಳಿಗೆ ಮೊದಲ ಸಂಬಳಕ್ಕಾಗಿ ತಿಂಗಳಿಡೀ ಕಾಯುವುದೂ ಅಷ್ಟೇ ಕಷ್ಟ. ಆರಂಭದಲ್ಲಿ ವಾರಕ್ಕೊಮ್ಮೆ ವೇತನ ಕೊಡುವಂಥ ಸಣ್ಣ ಬದಲಾವಣೆಯನ್ನೂ ಮಾಡಿಕೊಳ್ಳದ ಸಂಸ್ಥೆಗಳು, ಈ ಹೆಂಗಸರು ಕೆಲಸದಲ್ಲಿ ನಿಲ್ಲುವುದಿಲ್ಲವೆಂದು ದೂರುವುದು ನ್ಯಾಯವಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯು 2015ರಲ್ಲಿ ಅಂಗೀಕರಿಸಿದ 204ನೇ ಶಿಫಾರಸು, ಕೈಗೆಟುಕುವ ದರದ ಶಿಶುಪಾಲನಾ ಸೇವೆಯನ್ನು ಅಸಂಘಟಿತ ದುಡಿಮೆಯಿಂದ ಸಂಘಟಿತ ಉದ್ಯೋಗಕ್ಕೆ ಸಾಗುವ ಪರಿವರ್ತನೆಯ ಅಂಗವೆಂದೇ ಪರಿಗಣಿಸುತ್ತದೆ.

ಎಲ್ಲರೂ ಇರುವ ಕೆಲಸವನ್ನು ಬಿಟ್ಟು ಬೇರೆಡೆಗೆ ಹೋಗಬೇಕೆಂದೇನೂ ಇಲ್ಲ. ಅದೇ ಸಂಘಟನೆಯ 2011ರ 189ನೇ ಒಡಂಬಡಿಕೆಯು ಮನೆಗೆಲಸದವರಿಗೆ ಸಾಧ್ಯವಾದಲ್ಲೆಲ್ಲ ಲಿಖಿತ ಕರಾರನ್ನೂ, ವಾರಕ್ಕೊಮ್ಮೆ ಸತತ 24 ಗಂಟೆಗಳ ವಿಶ್ರಾಂತಿಯನ್ನೂ ಬಯಸುತ್ತದೆ; ಅಷ್ಟು ಜಾರಿಯಾದರೆ ಇಂದಿನ ಕೆಲಸವೇ ಬಹುಮಟ್ಟಿಗೆ ಭದ್ರ ಉದ್ಯೋಗವಾಗುತ್ತದೆ.