12 ಚಾಕು ಕೆಡಿಸಿ ಕಲಿತ ಸಾಣೆ

ದೇವರಾಯನದುರ್ಗದ ಬೆಟ್ಟದ ಕೆಳಗೆ ಒಂದು ತೋಟದಲ್ಲಿ ಮಕ್ಕಳ ಶಿಬಿರ ನಡೆಸೋದು ನನ್ನ ಕೆಲಸ. ಟೆಂಟ್ ಕಟ್ಟೋದು, ಒಲೆ ಹೂಡೋದು, ಮರ ಕೆತ್ತಿ ಗೂಟ, ಸೌಟು ಮಾಡೋದು ಹೇಳಿಕೊಡುತ್ತೇನೆ. ಕೆತ್ತೋಕೆ ಕಾಡಿನ ಕೊಂಬೆ ಮುಟ್ಟಲ್ಲ. ಬೇಲಿ ಸವರಿದಾಗ ಸಿಗುವ ಹೊಂಗೆ, ಬೇವು ಸಾಕು.

ನಮ್ಮ ಹತ್ತಿರ ಇರೋದು ಸ್ವೀಡನ್ನಿನ ಮೋರಾ ಚಾಕು, 12. ಹೋದ ಬೇಸಿಗೆಯಲ್ಲಿ ಎಲ್ಲವೂ ಮೊಂಡಾಗಿದ್ದವು. ಬೆಳಿಗ್ಗೆ ಆದರೆ ಮಕ್ಕಳು ಬರುತ್ತಾರೆ. ತುಮಕೂರಿಗೆ ಒಯ್ದು ಮೋಟರ್ ಸಾಣೆ ಹಿಡಿಸಿದೆ. ಅರ್ಧ ಗಂಟೆಯಲ್ಲಿ ಮುಗಿಯಿತು. ಪೇಪರ್ ಸರಕ್ಕನೆ ಕತ್ತರಿಸಿತು. ಖುಷಿಯಾಯಿತು, ಅಲ್ವಾ!

ಮಾರನೇ ದಿನ ಕಾಫಿ ಹೊತ್ತಿಗೆ ಒಂದೂ ಕಚ್ಚುತ್ತಿಲ್ಲ. ಮರದ ಮೇಲೆ ಸುಮ್ನೆ ಜಾರುತ್ತಿವೆ. ಜಾಸ್ತಿ ಒತ್ತಿ ತೋರಿಸೋಕೆ ಹೋಗಿ ನನ್ನ ಎಡ ಹೆಬ್ಬೆರಳನ್ನೇ ಕೊಯ್ದುಕೊಂಡೆ. ಅದೂ ಮಕ್ಕಳ ಮುಂದೆ.

ತೋಟದ ಮನೆಗೆ ಬಾಗಿಲು ಕೂರಿಸೋಕೆ ಬಂದಿದ್ದ ಆಚಾರ್ರು ಒಂದು ಚಾಕು ತಗೊಂಡು ಬಿಸಿಲಿಗೆ ಹಿಡಿದರು. ತುದಿಯ ಹತ್ತಿರ ನವಿಲುಗರಿಯಂಥ ನೀಲಿ.

"ಏನ್ ಸ್ವಾಮಿ ಇದು, ಹದಾನೇ ಹೊರಟೋಗಿದೆ. ಇದೇನು ಮಚ್ಚಾ? ಎರಡು ಮೈ ಇರೋ ಉಳಿ ಇದು. ಉಳಿ ಮಸೆದಂಗೆ ಮಸೀರಿ."

ಉಕ್ಕು ಸುಮಾರು 300 ಡಿಗ್ರಿ ಸೆಲ್ಸಿಯಸ್ ಕಾದರೆ ಆ ನೀಲಿ ಬರುತ್ತದೆ. ಅಲ್ಲಿಗೆ ಬಾಯಿ ಮೆತ್ತಗಾಗಿ, ಮರಕ್ಕೆ ತಾಗಿದ ಕೂಡಲೇ ಮಡಚಿಕೊಳ್ಳುತ್ತದೆ. ಉಳಿಯ ಮಾತಂತೂ ನೂರಕ್ಕೆ ನೂರು ನಿಜ. ಈ ಚಾಕುವಿನ ಒಂದೊಂದು ಪಕ್ಕದಲ್ಲೂ ಅಗಲವಾದ ಒಂದೇ ಇಳಿಜಾರು, ನೇರ ಬಾಯಿಗೇ ಇಳಿಯುತ್ತದೆ. ಎರಡೂ ಕಡೆ ಸೇರಿ ಹೆಚ್ಚುಕಡಿಮೆ 25 ಡಿಗ್ರಿ. ಮೋಟರ್ ಕಲ್ಲು ಆ ಇಳಿಜಾರನ್ನೇ ಉಬ್ಬಿಸಿಬಿಟ್ಟಿತ್ತು. ಉಬ್ಬಿದರೆ ಚಾಕು ಮರದೊಳಗೆ ಇಳಿಯಲ್ಲ, ಮೇಲೆದ್ದು ಬರುತ್ತದೆ.

ಈಗ ಸಾಣೆ ನಾನೇ ಹಿಡಿಯುತ್ತೇನೆ. 1000 ಗ್ರಿಟ್ ಕಲ್ಲನ್ನು ಹತ್ತು ನಿಮಿಷ ನೀರಲ್ಲಿ ನೆನೆಹಾಕುತ್ತೇನೆ. ಗ್ರಿಟ್ ಅಂದರೆ ಕಲ್ಲಿನ ನುಣುಪಿನ ಅಳತೆ, ಸಂಖ್ಯೆ ಕಡಿಮೆಯಾದಷ್ಟೂ ಒರಟು. ಬಾಯಿ ಮುಕ್ಕಾಗಿದ್ದರೆ ಮಾತ್ರ ಮೊದಲು 400. ಇಳಿಜಾರಿಗೆ ಮಾರ್ಕರ್ ಬಳಿದು, ಅದರ ಇಡೀ ಮೈ ಕಲ್ಲಿಗೆ ಅಂಟುವ ಹಾಗೆ ಮಲಗಿಸಿ ತಳ್ಳುತ್ತೇನೆ. ನಾಲ್ಕು ಸಲ ತಳ್ಳಿ ನೋಡಿದರೆ ಎಲ್ಲಿ ಮಸಿ ಉಳಿದಿದೆಯೋ ಅಲ್ಲಿ ಕಲ್ಲು ತಾಗಿಲ್ಲ. ತುದಿ ಬಾಗಿರುವ ಕಡೆ ಹಿಡಿಯನ್ನು ಚೂರೇ ಚೂರು ಎತ್ತಬೇಕು. ನನಗೆ ತುಂಬಾ ದಿನ ತಪ್ಪಿದ್ದು ಅಲ್ಲೇ.

ಒಂದು ಕಡೆ ಸಾಕಷ್ಟು ಮಸೆದಾಗ ಇನ್ನೊಂದು ಮಗ್ಗುಲಿನ ಅಂಚಲ್ಲಿ ಬೆರಳಿಗೆ ತರಿತರಿ ಹತ್ತುತ್ತದೆ, ಅಂಚಿನಿಂದ ಆಚೆಗೆ ಮಡಚಿಕೊಂಡ ಉಕ್ಕಿನ ತೆಳು ಎಳೆ ಅದು. ಬೆರಳನ್ನು ಅಂಚಿನ ಉದ್ದಕ್ಕೆ ಎಳೆಯಬೇಡಿ, ಬೆನ್ನಿನಿಂದ ಹೊರಗೆ ಸವರಿ. ಹಿಡಿಯಿಂದ ತುದಿಯವರೆಗೂ ತರಿ ಸಿಕ್ಕಿದ ಮೇಲೆಯೇ ಚಾಕು ಮಗುಚುವುದು. ಎಣಿಸಿ ಇಪ್ಪತ್ತು ಸಲ ಉಜ್ಜಿದರಾಯಿತು ಅನ್ನುವವರ ಮಾತು ನಾನು ನಂಬಲ್ಲ. ಕೊನೆಗೆ ಹಳೇ ಚರ್ಮದ ಬೆಲ್ಟಿಗೆ ಹಸಿರು ಪಾಲಿಶ್ ಮೇಣ ಹಚ್ಚಿ, ಬೆನ್ನು ಮುಂದಾಗಿ ಹಿಂದಕ್ಕೆ ಎಳೆದರೆ ಉಳಿದ ತರಿಯೂ ಉದುರುತ್ತದೆ. ಒರೆಸಿ ಒಂದು ಹನಿ ಎಣ್ಣೆ ಸವರದಿದ್ದರೆ ಕಾರ್ಬನ್ ಉಕ್ಕು ರಾತ್ರಿ ಕಳೆಯೋದರಲ್ಲಿ ತುಕ್ಕು ಹಿಡಿಯುತ್ತದೆ.

ಪರೀಕ್ಷೆಗೆ ಪೇಪರ್ ಬಿಟ್ಟಿದ್ದೇನೆ. ಹೊಂಗೆ ಕಡ್ಡಿಯ ಮೇಲೆ ಒತ್ತಡವಿಲ್ಲದೆ ಸುರುಳಿ ಏಳಬೇಕು, ಅಷ್ಟೇ.

ಮಸೆದು ಮಸೆದು 10 ಚಾಕು ದಾರಿಗೆ ಬಂದವು. ಎರಡರ ನೀಲಿ ಮಾತ್ರ ಒಳಕ್ಕೇ ಇಳಿದಿತ್ತು. ಅವು ಅಡುಗೆಮನೆಗೆ ಹೋದವು, ಚಿಪ್ಪಿನಿಂದ ಕೊಬ್ಬರಿ ಕೀಳೋಕೆ.