ಒಂದು ಸಲ ಓಡಿದ್ದು ಸಾಲದಾ?

ಪುಣೆಯಲ್ಲಿ ನಮ್ಮ ಕನ್ನಡದವರು ಹಬ್ಬಕ್ಕೋ ಮದುವೆಗೋ ಸೇರಿದಾಗ ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ: "ಅಕ್ಕಾ, ಓಡ್ತೀರಿ, ಸೈಕಲ್ ಹೊಡೀತೀರಿ, ಸರಿ. ಸೈಕಲ್ ಇಳಿದ ಮೇಲೆ ಮತ್ತೆ ಯಾಕೆ ಓಡೋದು?"

ನಾನು ಹೋಗುವ ಸ್ಪರ್ಧೆಯ ಹೆಸರು ಡ್ಯುಯಾಥ್ಲಾನ್. ಮೊದಲು ಓಟ, ಆಮೇಲೆ ಸೈಕಲ್, ಕೊನೆಗೆ ಮತ್ತೆ ಓಟ. ನಡುವೆ ಗಡಿಯಾರ ನಿಲ್ಲುವುದಿಲ್ಲ. ಶೂ ಬದಲಿಸುವ ಹೊತ್ತೂ ಲೆಕ್ಕಕ್ಕೆ ಸೇರುತ್ತದೆ. ಸಾಮಾನ್ಯವಾಗಿ 10 ಕಿ.ಮೀ. ಓಟ, 40 ಕಿ.ಮೀ. ಸೈಕಲ್, 5 ಕಿ.ಮೀ. ಓಟ. ಹೊಸಬರಿಗೆ ಇದರ ಅರ್ಧದ್ದೂ ಇರುತ್ತದೆ.

ಪ್ರಶ್ನೆಗೆ ನನ್ನ ಉತ್ತರ ಇಷ್ಟು: ಆ ಎರಡನೇ ಓಟಕ್ಕಾಗಿಯೇ ನಾನು ಹೋಗುವುದು. ಅದನ್ನು ತೆಗೆದುಬಿಟ್ಟರೆ ನನಗೆ ಈ ಸ್ಪರ್ಧೆಯೇ ಬೇಡ.

ಸೈಕಲ್ ಭಾಗ ಮುಗಿಯುವಲ್ಲಿ ರಸ್ತೆಗೆ ಅಡ್ಡಲಾಗಿ ಒಂದು ಗೆರೆ ಇರುತ್ತದೆ. ಆ ಗೆರೆ ಮುಟ್ಟುವ ಮೊದಲೇ ಇಳಿಯಬೇಕು. ಹ್ಯಾಂಡಲ್ ಹಿಡಿದು ಸೈಕಲ್ ತಳ್ಳಿಕೊಂಡು ಓಡಿ, ನಮ್ಮ ನಂಬರಿನ ಜಾಗದಲ್ಲಿ ಅದನ್ನು ತೂಗುಹಾಕಬೇಕು. ಅಲ್ಲಿಯವರೆಗೂ ಹೆಲ್ಮೆಟ್ ಪಟ್ಟಿ ಬಿಚ್ಚುವ ಹಾಗಿಲ್ಲ. ಬಿಚ್ಚಿದರೆ ದಂಡ. ಬೆವರಿಗೆ ಬೆರಳು ಜಾರುತ್ತದೆ, ಹಿಂದಿನವರ ಉಸಿರು ಕಿವಿಗೆ ಬೀಳುತ್ತಿರುತ್ತದೆ. ಅಲ್ಲಿಂದ ಹೊರಬಿದ್ದ ಮೇಲಿನ ಮೊದಲ ಇನ್ನೂರು ಮುನ್ನೂರು ಮೀಟರ್ ಇದೆಯಲ್ಲ, ಮೊಣಕಾಲುದ್ದ ಹೊಳೆ ನೀರಿನಲ್ಲಿ ಓಡಿದ ಹಾಗೆ. ಮನಸ್ಸು ಓಡು ಅನ್ನುತ್ತದೆ, ತೊಡೆ ಕೇಳುವುದೇ ಇಲ್ಲ.

ಇದಕ್ಕೆ ಕಾರಣವಿದೆ. ಸೈಕಲ್ ಮೇಲೆ ಸೊಂಟ ಮಡಚಿಕೊಂಡು ಕೂತಿರುತ್ತೇವೆ. ಮೈಯ ಭಾರವನ್ನು ಸೀಟು ಹೊತ್ತಿರುತ್ತದೆ. ತೊಡೆಯ ಮುಂಭಾಗ ಗಂಟೆಗಟ್ಟಲೆ ಪೆಡಲ್ ಒತ್ತಿ ದಣಿದಿರುತ್ತದೆ. ಇಳಿದ ಕೂಡಲೇ ಸೊಂಟ ನೆಟ್ಟಗಾಗಬೇಕು, ಹೆಜ್ಜೆ ಹೆಜ್ಜೆಗೂ ಇಡೀ ಮೈಭಾರ ಕಾಲಿನ ಮೇಲೆ ಬೀಳುತ್ತದೆ. ಅದರ ಜೊತೆ ಕಣ್ಣೂ ಮೋಸ ಮಾಡುತ್ತದೆ. ಗಂಟೆಗೆ 30 ಕಿ.ಮೀ. ವೇಗದಲ್ಲಿ ಬಂದವರಿಗೆ ಓಟ ತೆವಳಿದಂತೆ ಕಾಣುತ್ತದೆ. ಹಾಗಾಗಿ ಗೊತ್ತಿಲ್ಲದೇ ಜೋರಾಗಿ ಓಡಿಬಿಡುತ್ತೇವೆ. ಇಲ್ಲಿ ವಾಚ್ ನೋಡಬೇಕು, ಹೆಜ್ಜೆ ಚಿಕ್ಕದು ಮಾಡಬೇಕು. ಒಂದೆರಡು ಕಿ.ಮೀ. ಆಗುವಷ್ಟರಲ್ಲಿ ಕಾಲು ಸಡಿಲವಾಗುತ್ತದೆ. ಆ ಬದಲಾವಣೆ ಮೈಯಲ್ಲಿ ಗೊತ್ತಾಗುವ ಗಳಿಗೆಯಷ್ಟು ಖುಷಿ ನನಗೆ ಬೇರೆ ಯಾವ ಆಟದಲ್ಲೂ ಸಿಕ್ಕಿಲ್ಲ.

ಅದಕ್ಕೇ ಮೊದಲೆರಡು ಭಾಗವನ್ನು ನಾನು ಕೊನೆಯ ಓಟದ ಲೆಕ್ಕದಲ್ಲೇ ಓಡುತ್ತೇನೆ, ತುಳಿಯುತ್ತೇನೆ. ಮೊದಲ 10 ಕಿ.ಮೀ.ಯಲ್ಲಿ ಎಷ್ಟೋ ಜನ ನನ್ನನ್ನು ದಾಟಿ ಹೋಗುತ್ತಾರೆ. ಹೋಗಲಿ. ಸೈಕಲ್ ಮೇಲೆ ಎದುರುಗಾಳಿ ಬಂದರೆ ಬಗ್ಗಿ, ಗೇರ್ ಇಳಿಸಿ, ಹಗುರವಾಗಿ ತುಳಿಯುತ್ತೇನೆ. ನಾವು ಹೋಗುವಂಥ ಸ್ಪರ್ಧೆಗಳಲ್ಲಿ ಮುಂದಿನವರ ಬೆನ್ನಿಗೆ ಅಂಟಿಕೊಂಡು ಗಾಳಿ ತಪ್ಪಿಸಿಕೊಳ್ಳುವ ಹಾಗಿಲ್ಲ, ಅಂತರ ಬಿಡಲೇಬೇಕು. ತಿನ್ನುವುದು, ಕುಡಿಯುವುದು ಎಲ್ಲ ಸೈಕಲ್ ಮೇಲೆಯೇ. ಓಡುವಾಗ ಕುಲುಕಾಟಕ್ಕೆ ಹೊಟ್ಟೆ ಏನನ್ನೂ ಒಪ್ಪುವುದಿಲ್ಲ. ಬೀಜ ತೆಗೆದ ಖರ್ಜೂರ, ಉಪ್ಪು ಸಕ್ಕರೆ ಹಾಕಿದ ನಿಂಬೆಹಣ್ಣಿನ ನೀರು ನನಗೆ ಒಗ್ಗಿದೆ.

ಅಭ್ಯಾಸಕ್ಕೆ ನಮ್ಮ ಗುಂಪು ಹೋಗುವುದು ಖಡಕ್‌ವಾಸ್ಲಾ ಅಣೆಕಟ್ಟು ದಾಟಿ ಪಾನ್‌ಶೇತ್ ಕಡೆಗೆ. ಭಾನುವಾರವಾದರೆ ಕತ್ತಲಿರುವಾಗಲೇ ಹೊರಡಬೇಕು. ಬೆಳಗಾಯಿತೆಂದರೆ ಸಿಂಹಗಡಕ್ಕೆ ಹೋಗುವ ಕಾರು, ಬೈಕುಗಳದ್ದೇ ರಾಜ್ಯ. ವಾಪಸ್ ಬಂದವರೇ ಸೈಕಲ್ ನಿಲ್ಲಿಸಿ, ಕೂರದೇ, ಹಾಗೆಯೇ ಓಡುತ್ತೇವೆ. ಕೂತರೆ ಮುಗೀತು! ಸೈಕಲ್ ಆದ ತಕ್ಷಣ ಓಡುವ ಈ ಅಭ್ಯಾಸಕ್ಕೆ ಬ್ರಿಕ್ ಅನ್ನುತ್ತಾರೆ. ಓಟ, ಸೈಕಲ್ ಬೇರೆ ಬೇರೆ ದಿನ ಎಷ್ಟೇ ಮಾಡಿದರೂ ಇದಕ್ಕೆ ಸಮ ಅಲ್ಲ.

"ಈಜು ಬರಲ್ಲ ಅಂತ ಇದಕ್ಕೆ ಹೋಗ್ತೀರಾ?" ಅಂತಲೂ ಕೇಳುತ್ತಾರೆ. ಅಲ್ಲ. ಈಜು ಬಾರದವರೂ ಬರಬಹುದು ನಿಜ. ಆದರೆ ಇದು ಈಜು, ಸೈಕಲ್, ಓಟ ಮೂರೂ ಇರುವ ಟ್ರಯಾಥ್ಲಾನ್‌ನಿಂದ ಮಿಕ್ಕಿದ ಚೂರಲ್ಲ. ಸ್ವಿಟ್ಜರ್ಲೆಂಡಿನ ಝೋಫಿಂಗನ್‌ನಲ್ಲಿ 1989ರಲ್ಲಿ ಶುರುವಾದ ಪವರ್‌ಮ್ಯಾನ್ ಸ್ಪರ್ಧೆ ಇದೆ. ಅಲ್ಲಿ 10 ಕಿ.ಮೀ. ಓಟ, 150 ಕಿ.ಮೀ. ಸೈಕಲ್, ಆಮೇಲೆ 30 ಕಿ.ಮೀ. ಓಟ. ಎರಡನೇ ಓಟ ಮೊದಲನೆಯದರ ಮೂರು ಪಟ್ಟು! ಅದನ್ನು ಕಟ್ಟಿದವರಿಗೂ ಆಟದ ಜೀವ ಎಲ್ಲಿದೆ ಅಂತ ಗೊತ್ತಿತ್ತು ಅನ್ನಿಸುತ್ತದೆ, ಅಲ್ವಾ?

ಕೇಳಿದವರಿಗೆಲ್ಲ ನಾನು ಒಂದು ಮಾತು ಹೇಳುತ್ತೇನೆ: ಸುಮ್ನೆ ಒಂದು ಸಲ ಮಾಡಿ ನೋಡಿ. ದುಬಾರಿ ಸೈಕಲ್ ಬೇಡ. ಮನೆಯಲ್ಲಿರುವುದೇ ಸಾಕು, ಬ್ರೇಕ್ ಸರಿ ಇರಲಿ, ಹೆಲ್ಮೆಟ್ ಬೇಕೇ ಬೇಕು. ಮುಕ್ಕಾಲು ಗಂಟೆ ಸೈಕಲ್ ಹೊಡೆದು, ಇಳಿದ ಕೂಡಲೇ ಹತ್ತು ನಿಮಿಷ ಓಡಿ. ಜಾಸ್ತಿ ಜೋರು ಬೇಡ, ಪಕ್ಕದವರ ಜೊತೆ ಮಾತಾಡಲು ಆಗುವಷ್ಟು ಸಾಕು.