ಬಾರದ ಬಸ್ಸು, ಉನ್ಯಾರ್ಗದ ಮೇಷ್ಟ್ರು

ಮೊದಲಿಗೇ ಒಂದು ಮಾತು ಹೇಳಿಬಿಡ್ತೀನಿ. ಉತ್ತರ ನಾರ್ವೆಯ ಹಳ್ಳಿಗಳ ಕಡೆ ಜೂನ್ ಕೊನೆಯಲ್ಲಿ ಹೋಗುವವರು ಬಸ್ ವೇಳಾಪಟ್ಟಿಯ ಕೆಳಗಿರುವ ಸಣ್ಣ ಅಕ್ಷರಗಳನ್ನೂ ಬಿಡದೆ ಓದಿ. ಕೆಲವು ಬಸ್ಸುಗಳು ಶಾಲೆ ಇರುವ ದಿನ ಮಾತ್ರ ಓಡುತ್ತವೆ. ಬೇಸಿಗೆ ರಜೆ ಶುರುವಾದರೆ ಅವು ಇಲ್ಲ. ನನಗಿದು ಗೊತ್ತಿರಲಿಲ್ಲ. ವರಂಗರ್‌ಬೋತ್ನ್ ಅನ್ನೋ ಪುಟ್ಟ ಊರಲ್ಲಿ ಬೆನ್ನಿಗೆ ಚೀಲ ಹಾಕಿಕೊಂಡು ಎರಡು ಗಂಟೆ ನಿಂತೆ. ಚಳಿಗಾಳಿ ಕಿವಿ ಕೊರೆಯುತ್ತಿತ್ತು. ಬಸ್ಸು ಬರಲಿಲ್ಲ. ಟಿಕೆಟ್ ಆ್ಯಪ್ ದುಡ್ಡು ತಗೊಂಡಿತ್ತು, ರಜೆಯ ವಿಷಯ ಮಾತ್ರ ಹೇಳಿರಲಿಲ್ಲ. ನೆನೆಸಿಕೊಂಡರೆ ಈಗಲೂ ಸಿಟ್ಟು ಬರುತ್ತೆ.

ನಾನು ಹೋಗಿದ್ದು ಹಕ್ಕಿ ನೋಡೋಕೆ. ವರಂಗರ್ ಕೊಲ್ಲಿ ಹಕ್ಕಿಗಳಿಗೆ ಹೆಸರುವಾಸಿ. ಓಸ್ಲೋದ ಮೂರು ದಿನದ ಬಗ್ಗೆ ಬರೆಯೋಕೆ ಜಾಸ್ತಿ ಏನಿಲ್ಲ. ಕಾರ್ಲ್ ಯೂಹಾನ್ ಬೀದಿಯಲ್ಲಿ ಅವರ ಸಂಸತ್ತಿದೆ, ಸ್ಟೂರ್ಟಿಂಗ್ ಅಂತಾರೆ. ಹಳದಿ ಇಟ್ಟಿಗೆಯ ಕಟ್ಟಡ, ಎದುರಿಗೆ ಕಲ್ಲಿನ ಸಿಂಹಗಳು. ಒಂದು ಫೋಟೋ ತೆಗೆದು ಮುಂದೆ ನಡೆದೆ. ಅಲ್ಲಿಂದ ಶಿರ್ಕೆನೆಸ್‌ಗೆ ವಿಮಾನ. ಅಲ್ಲಿ ಪ್ರವಾಸಿಗರನ್ನು ಏಡಿ ಹಿಡಿಸೋಕೆ ಕರೆದುಕೊಂಡು ಹೋಗ್ತಾರೆ. ಅಷ್ಟು ದುಡ್ಡು ಕೊಟ್ಟು ಏಡಿ ಹಿಡಿಯೋ ಆಸೆ ನನಗೆ ಬರಲಿಲ್ಲ. ನನಗೆ ಇಷ್ಟವಾಗಿದ್ದು ಅವರ ಕಂದು ಚೀಸ್. ಸ್ವಲ್ಪ ಸಿಹಿ, ಸ್ವಲ್ಪ ಉಪ್ಪು, ತಳ ಹಿಡಿದ ಖೋವಾ ಥರ ವಾಸನೆ. ಬ್ರೆಡ್ಡಿನ ಮೇಲೆ ತೆಳುವಾಗಿ ಹೆರೆದು ಹಾಕಿಕೊಂಡು ದಿನಾ ತಿಂದೆ.

ಬಸ್ಸು ಕೈ ಕೊಟ್ಟ ಮೇಲೆ ಬೆಚ್ಚಗಿನ ಜಾಗ ಬೇಕಿತ್ತು. ಹತ್ತಿರದಲ್ಲೇ ವಾರ್ಯತ್ ಸಾಮಿ ಮ್ಯೂಸಿಯಂ ಇತ್ತು, ಒಳಗೆ ಹೋದೆ. ಈ ಉತ್ತರದ ಮೂಲನಿವಾಸಿಗಳಾದ ಸಾಮಿ ಜನ ಅಂದರೆ ಹಿಮಸಾರಂಗ ಸಾಕುವವರು ಅಂತಷ್ಟೇ ನಾನು ತಿಳಿದಿದ್ದೆ. ಈ ಕೊಲ್ಲಿಯ ದಡದವರು ಸಮುದ್ರ ಸಾಮಿಗಳು. ಮೀನು ಹಿಡಿದು, ಒಂದೆರಡು ಹಸು, ನಾಲ್ಕು ಕುರಿ ಕಟ್ಟಿಕೊಂಡು ಬಾಳಿದವರು.

ಟಿಕೆಟ್ ಕೊಡುತ್ತಿದ್ದ ಹೆಂಗಸಿಗೆ ಅರವತ್ತರ ಆಸುಪಾಸು. ನನ್ನ ನಡುಗುವ ಕೈ ನೋಡಿ ಮೊದಲು ಕಾಫಿ ಕೊಟ್ಟರು. ಬಸ್ಸಿನ ಕಥೆ ಕೇಳಿ, "ಶಾಲೆಗೆ ರಜೆ ಅಲ್ವಾ" ಅಂದರು. ನಾನು ಮೇಷ್ಟ್ರ ಮಗಳು ಅಂತ ಮಾತಿಗೆ ಹೇಳಿದೆ. ಅವರ ಮುಖ ಅರಳಿತು. "ಹಾಗಾದರೆ ನಮ್ಮೂರ ಮೇಷ್ಟ್ರ ವಿಷಯ ನಿಮಗೆ ಹೇಳಲೇಬೇಕು" ಅಂತ ಫೋನಿನಲ್ಲಿ ಒಂದು ಹಳೇ ಫೋಟೋ ತೆಗೆದು ತೋರಿಸಿದರು. ಇಸಾಕ್ ಸಾಬಾ.

ಹಕ್ಕಿಗಳನ್ನು ನಾನು ಮರೆತಿದ್ದು ಅಲ್ಲಿಂದ.

ಸಾಬಾ ಹುಟ್ಟಿದ್ದು 1875ರಲ್ಲಿ, ಇಲ್ಲೇ ಹತ್ತಿರದ ನೆಸ್ಸೆಬಿಯಲ್ಲಿ. ಸಾಮಿ ಭಾಷೆಯಲ್ಲಿ ಆ ಊರು ಉನ್ಯಾರ್ಗಾ. ಟ್ರೊಮ್ಸೊದಲ್ಲಿ ಓದಿ 1898ರಲ್ಲಿ ಮೇಷ್ಟ್ರಾದರು. ಅದೇ ವರ್ಷ ಸರ್ಕಾರ ಒಂದು ಸುತ್ತೋಲೆ ಹೊರಡಿಸಿತು. ಪಾಠವೆಲ್ಲ ನಾರ್ವೇಜಿಯನ್ ಭಾಷೆಯಲ್ಲೇ ಆಗಬೇಕು, ಬೇರೆ ದಾರಿಯೇ ಇಲ್ಲದಿದ್ದರೆ ಮಾತ್ರ ಸಾಮಿ ಮಾತು ಬಳಸಬಹುದು ಅಂತ. ಆಟದ ಬಿಡುವಿನಲ್ಲಿ ಮಕ್ಕಳು ಏನು ಮಾತಾಡ್ತಾರೆ ಅನ್ನೋದರ ಮೇಲೂ ಮೇಷ್ಟ್ರು ಕಣ್ಣಿಡಬೇಕಿತ್ತು. ಯೋಚನೆ ಮಾಡಿ. ಇಪ್ಪತ್ತೆರಡರ ಹುಡುಗ, ಕೈಯಲ್ಲಿ ಹೊಸ ಕೆಲಸ, ಎದುರಿಗೆ ತನ್ನದೇ ಊರಿನ ಕಂದಮ್ಮಗಳು. ಅವರ ಮಾತು ಇವನಿಗೆ ಗೊತ್ತು, ಇವನ ಮಾತು ಅವರಿಗೆ ಗೊತ್ತು. ಆದರೂ ಆಡುವ ಹಾಗಿಲ್ಲ.

1902ರಲ್ಲಿ ಇನ್ನೊಂದು ಏಟು ಬಿತ್ತು. ಈ ಊರುಗಳಿರುವ ಪ್ರಾಂತ್ಯ ಫಿನ್‌ಮಾರ್ಕ್‌ನಲ್ಲಿ ಸರ್ಕಾರಿ ಜಮೀನು ಕೊಳ್ಳಬೇಕಾದರೆ ನಾರ್ವೇಜಿಯನ್ ಮಾತಾಡೋಕೆ, ಓದೋಕೆ, ಬರೆಯೋಕೆ ಬರಬೇಕು, ದಿನಾ ಅದನ್ನೇ ಬಳಸಬೇಕು ಅನ್ನೋ ಕಾನೂನು. ಅಜ್ಜ ಮುತ್ತಜ್ಜರ ಕಾಲದಿಂದ ಹುಲ್ಲು ಕೊಯ್ದ ನೆಲ ಸ್ವಂತಕ್ಕೆ ಬೇಕಾದರೆ ಮನೆಮಾತನ್ನು ಬಿಟ್ಟುಕೊಡಬೇಕಿತ್ತು.

ಆಗ 'ಸಾಗಾಯ್ ಮುಯ್ತ್ತಲೇಗ್ಯೆ' ಅನ್ನೋ ಸಾಮಿ ಪತ್ರಿಕೆ ಬರುತ್ತಿತ್ತು. ಅದರ ಸಂಪಾದಕ ಆಂಡೆಶ್ ಲಾರ್ಸೆನ್, ಅವರೂ ಮೇಷ್ಟ್ರೇ. ಇಬ್ಬರೂ ಸೇರಿ ಈ ಕಾನೂನಿನ ವಿರುದ್ಧ, ಶಾಲೆಯಲ್ಲಿ ಸಾಮಿ ಭಾಷೆಯ ಪರವಾಗಿ ನಿಂತರು. 1906ರ ಚುನಾವಣೆಯಲ್ಲಿ ಸಾಬಾ ಲೇಬರ್ ಪಕ್ಷದಿಂದ ನಿಂತು ಗೆದ್ದರು. ನಾರ್ವೆ ಸಂಸತ್ತಿಗೆ ಹೋದ ಮೊದಲ ಸಾಮಿ ಅವರು. ಆ ಸಲ ಲೇಬರ್ ಪಕ್ಷಕ್ಕೆ ಬಂದಿದ್ದು ಬರೀ 10 ಸೀಟು. ಓಸ್ಲೋದಲ್ಲಿ ನಾನು ಸುಮ್ನೆ ಫೋಟೋ ತೆಗೆದು ಬಂದ ಆ ಹಳದಿ ಕಟ್ಟಡದೊಳಗೆ ಈ ಹಳ್ಳಿ ಮೇಷ್ಟ್ರು ಆರು ವರ್ಷ ಕೂತಿದ್ದರು.

"ಕಾನೂನು ಬದಲಾಯಿತಾ?" ಅಂತ ಕೇಳಿದೆ.

"ಇಲ್ಲ" ಅಂದರು ಅವರು. "1912ರಲ್ಲಿ ಸೋತರು. 1921ರಲ್ಲಿ ತೀರಿಕೊಂಡರು. ಇನ್ನೂ 45 ವರ್ಷ. ಶಾಲೆಗಳು ಇನ್ನಷ್ಟು ಬಿಗಿಯಾದವು."

ಬಸ್ಸಿನಲ್ಲಿ ಬರುವಾಗ ನೈಡೆನ್ ಅನ್ನೋ ಊರು ದಾಟಿದ್ದೆ. ಸಾಮಿ ಮಕ್ಕಳಿಗೆ, ಫಿನ್ನಿಶ್ ಮೂಲದ ಕ್ವೇನ್ ಜನರ ಮಕ್ಕಳಿಗೆ ನಾರ್ವೇಜಿಯನ್ ಕಲಿಸಬೇಕು ಅಂತ ಸರ್ಕಾರ ಫಿನ್‌ಮಾರ್ಕ್‌ನಲ್ಲಿ ಕಟ್ಟಿಸಿದ ಮೊದಲ ವಸತಿ ಶಾಲೆ ಅಲ್ಲೇ, 1905ರಲ್ಲಿ ಶುರುವಾಯಿತಂತೆ. ಆಮೇಲೆ ಎಲ್ಲ ಕಡೆ ಅಂಥ ಶಾಲೆಗಳು ಬಂದವು. ಈ ಹೆಂಗಸಿನ ತಾಯಿಯನ್ನು ಏಳನೇ ವಯಸ್ಸಿಗೆ ಅಂಥದ್ದೊಂದು ಶಾಲೆಗೆ ಬಿಟ್ಟು ಬಂದಿದ್ದರು. ಒಂದು ಅಕ್ಷರ ನಾರ್ವೇಜಿಯನ್ ಬರುತ್ತಿರಲಿಲ್ಲ. ರಾತ್ರಿ ಒಂದಕ್ಕೆ ಹೋಗಬೇಕು ಅಂತ ಕೇಳೋದು ಹೇಗೆ ಅಂತಲೂ ಗೊತ್ತಿರಲಿಲ್ಲ.

"ಅಮ್ಮ ನಮ್ಮ ಹತ್ತಿರ ಯಾವತ್ತೂ ಸಾಮಿ ಮಾತಾಡಲಿಲ್ಲ" ಅಂದರು. "ಅಪ್ಪನ ಹತ್ತಿರ ಮಾತಾಡುವಾಗಲೂ ನಾವು ಬಂದರೆ ನಿಲ್ಲಿಸಿಬಿಡುತ್ತಿದ್ದಳು. ಆ ಮಾತು ಬೈಗುಳ ಇರಬೇಕು ಅಂತ ನಾನು ಚಿಕ್ಕವಳಿದ್ದಾಗ ಅಂದುಕೊಂಡಿದ್ದೆ."

ನಲವತ್ತೈದು ದಾಟಿದ ಮೇಲೆ ಅವರು ಸಂಜೆ ತರಗತಿಗೆ ಸೇರಿ ಸಾಮಿ ಕಲಿತರಂತೆ. ಒಂದು ದಿನ ಧೈರ್ಯ ಮಾಡಿ ತಾಯಿಗೆ ಫೋನ್ ಮಾಡಿ ಸಾಮಿಯಲ್ಲೇ ಮಾತಾಡಿದರು. ಆ ಕಡೆಯಿಂದ ಸದ್ದಿಲ್ಲ. ಆಮೇಲೆ ನಾರ್ವೇಜಿಯನ್‌ನಲ್ಲಿ ಹವಾಮಾನದ ವಿಷಯ ಬಂತು. ಮುಂದಿನ ವಾರವೂ ಹಾಗೇ. ಮೂರನೇ ವಾರ ಇವರು ಒಂದು ಕ್ರಿಯಾಪದ ತಪ್ಪು ಹೇಳಿದರು. ತಾಯಿ ತಡೆದು, ಸಾಮಿಯಲ್ಲೇ ಅದನ್ನು ತಿದ್ದಿದರು.

"ಅಷ್ಟೇ" ಅಂದರು. ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕಿಟಕಿಯ ಕಡೆ ನೋಡಿದರು. ನನಗೂ ಮಾತು ಬರಲಿಲ್ಲ. ನಮ್ಮಪ್ಪನ ಶಾಲೆಗೆ ತಾಂಡಾದಿಂದ ಬರುತ್ತಿದ್ದ ಲಂಬಾಣಿ ಮಕ್ಕಳು ನೆನಪಾದರು. ಮೊದಲ ತಿಂಗಳೆಲ್ಲ ಅವರು ಬಾಯಿ ಬಿಡುತ್ತಿರಲಿಲ್ಲ. ಮಂಕು ಮಕ್ಕಳು ಅಂತ ಎಷ್ಟೋ ಜನ ಅಂದಿದ್ದನ್ನು ನಾನೇ ಕೇಳಿದ್ದೇನೆ.

1959ರ ಶಾಲಾ ಕಾನೂನು ಬರೋವರೆಗೂ ಇಲ್ಲಿನ ಶಾಲೆಗಳಲ್ಲಿ ಸಾಮಿಗೆ ಬಾಗಿಲು ತೆರೆಯಲಿಲ್ಲ. ರಾಜ ಐದನೇ ಹರಾಲ್ಡ್ 1997ರಲ್ಲಿ, ಸಾಮಿಗಳೇ ಆರಿಸುವ ಸಾಮಿ ಸಂಸತ್ತಿನಲ್ಲಿ ಕ್ಷಮೆ ಕೇಳಿದರು. ಓಸ್ಲೋದ ಸ್ಟೂರ್ಟಿಂಗ್ ಕ್ಷಮೆ ಕೇಳಿದ್ದು 2024ರ ನವೆಂಬರ್‌ನಲ್ಲಿ. ಸಾಬಾ ಅಲ್ಲಿಗೆ ಆಯ್ಕೆಯಾಗಿ ಆಗಲೇ 118 ವರ್ಷ ಆಗಿತ್ತು.

ಆದರೆ ಉನ್ಯಾರ್ಗದ ಜನಕ್ಕೆ ಸಾಬಾ ಅಂದರೆ ಮೊದಲು ನೆನಪಾಗೋದು ಒಂದು ಹಾಡು. 1906ರ ಏಪ್ರಿಲ್ 1ರಂದು ಅದೇ ಪತ್ರಿಕೆಯಲ್ಲಿ ಅವರ ಪದ್ಯ ಅಚ್ಚಾಯಿತು, 'ಸಾಮಿ ಸೋಗ ಲಾವ್ಲ್ಲ'. ಸಾಮಿ ಕುಲದ ಹಾಡು ಅಂತ ಅರ್ಥ. ನಾರ್ವೆ, ಸ್ವೀಡನ್, ಫಿನ್ಲೆಂಡ್, ರಷ್ಯಾ ನಾಲ್ಕೂ ದೇಶಗಳಲ್ಲಿ ಹಂಚಿಹೋದ ಸಾಮಿಗಳಿಗೆಲ್ಲ ಈಗ ಅದೇ ನಾಡಗೀತೆ. 1986ರಲ್ಲಿ ಹಾಗಂತ ಒಪ್ಪಿಕೊಂಡರು. ಆರ್ನೆ ಸೋರ್ಲಿ ಹಾಕಿದ ರಾಗಕ್ಕೆ 1992ರಲ್ಲಿ ಒಪ್ಪಿಗೆ ಸಿಕ್ಕಿತು. ಪಾಠ ಹೇಳೋಕೆ ಬೇಡವಾದ ಭಾಷೆಯಲ್ಲಿ ಮೇಷ್ಟ್ರು ಬರೆದ ಪದ್ಯ ಅದು. ಮ್ಯೂಸಿಯಂನ ಆ ಹೆಂಗಸು ಮೊದಲ ಸಾಲು ಹೇಳಿ ಅರ್ಥ ಬಿಡಿಸಿದರು. ದೂರದ ಉತ್ತರದಲ್ಲಿ, ದಾವ್ಗ್ಗಾತ್ ನಕ್ಷತ್ರಗಳ ಕೆಳಗೆ, ಸಾಮಿ ನಾಡು. ದಾವ್ಗ್ಗಾತ್ ಅಂದರೆ ಯಾವುದು ಅಂತ ಕೇಳಿದೆ. ಕಾಗದದ ಮೇಲೆ ಏಳು ಚುಕ್ಕಿ ಇಟ್ಟು ತೋರಿಸಿದರು. ನಮ್ಮ ಸಪ್ತರ್ಷಿ ಮಂಡಲ! ಸಾಮಿಗಳು ವೈರಿಗಳನ್ನು, ಮೋಸದ ವ್ಯಾಪಾರಿಗಳನ್ನು, ಕಂದಾಯದವರನ್ನು ತಾಳ್ಮೆಯಿಂದಲೇ ಗೆದ್ದರು, ಅಣ್ಣತಮ್ಮಂದಿರ ರಕ್ತ ಹರಿಸಲಿಲ್ಲ ಅಂತಲೂ ಆ ಹಾಡಿನಲ್ಲಿದೆ.

ಮ್ಯೂಸಿಯಂ ಮುಚ್ಚಿದ ಮೇಲೆ ಅವರೇ ಕಾರಿನಲ್ಲಿ ಕರೆದುಕೊಂಡು ಹೋಗಿ ನೆಸ್ಸೆಬಿಯಲ್ಲಿ ನಾನು ಗೊತ್ತು ಮಾಡಿಕೊಂಡಿದ್ದ ಕ್ಯಾಬಿನ್‌ಗೆ ಬಿಟ್ಟರು. ದುಡ್ಡು ಕೊಡೋಕೆ ಹೋದೆ, ಬೇಡವೇ ಬೇಡ ಅಂದರು.

ರಾತ್ರಿ ಹನ್ನೊಂದೂವರೆಗೆ ಚರ್ಚ್ ಕಡೆ ನಡೆದೆ. ನೀರಿನೊಳಕ್ಕೆ ಚಾಚಿದ ತುದಿಯಲ್ಲಿ ಬಿಳಿ ಬಣ್ಣದ ಮರದ ಚರ್ಚ್, 1858ರದ್ದು. ಎರಡನೇ ಮಹಾಯುದ್ಧದಲ್ಲಿ ಜರ್ಮನ್ ಸೈನ್ಯ ಹಿಂದೆ ಸರಿಯುವಾಗ ಫಿನ್‌ಮಾರ್ಕ್‌ನ ಊರೂರನ್ನೇ ಸುಟ್ಟಿತು. ಈ ಚರ್ಚ್ ಉಳಿದುಕೊಂಡಿತು. ಚಿಕ್ಕವನಿದ್ದಾಗ ಸಾಬಾ ಕಂಡಿದ್ದೂ ಇದೇ ಗೋಡೆ, ಇದೇ ಗೋಪುರ. ಸೂರ್ಯ ಕೊಲ್ಲಿಯ ಮೇಲೆ ಹಾಗೇ ನಿಂತಿದ್ದ. ಮೇ ನಡುವಿನಿಂದ ಜುಲೈ ಕೊನೆಯ ತನಕ ಇಲ್ಲಿ ಅವನು ಮುಳುಗೋದಿಲ್ಲ. ಆಕಾಶದಲ್ಲಿ ಒಂದು ನಕ್ಷತ್ರವೂ ಇಲ್ಲ. ಆ ಏಳು ಚುಕ್ಕಿಗಳು ಎಲ್ಲಿರಬಹುದು ಅಂತ ಅಂದಾಜಿನ ಮೇಲೆ ತಲೆಯೆತ್ತಿ ನೋಡುತ್ತಾ ತುಂಬಾ ಹೊತ್ತು ನಿಂತೆ.

ದಡದ ಆಳವಿಲ್ಲದ ನೀರಿನಲ್ಲಿ ಪುಟ್ಟ ಫಾಲರೋಪ್ ಹಕ್ಕಿಗಳು ಬುಗುರಿ ಹಾಗೆ ತಿರುಗುತ್ತಾ ಹುಳ ಹೆಕ್ಕುತ್ತಿದ್ದವು. ನಾನು ಅಷ್ಟು ದೂರದಿಂದ ಬಂದಿದ್ದು ಇವನ್ನೇ ನೋಡೋಕೆ. ಆಚೆ ಕಲ್ಲುಗಳ ಹತ್ತಿರ ಇಬ್ಬರು ಹುಡುಗರು, ಒಬ್ಬಳು ಹುಡುಗಿ ಇನ್ನೂ ಎಚ್ಚರವಾಗಿದ್ದರು. ಚಪ್ಪಟೆ ಕಲ್ಲು ಆರಿಸಿ ನೀರಿನ ಮೇಲೆ ಬೀಸುತ್ತಿದ್ದರು. ಕಲ್ಲು ಜಿಗಿದಷ್ಟು ಸಲ ಹುಡುಗಿ ಸಾಮಿಯಲ್ಲಿ ಕೂಗಿ ಎಣಿಸುತ್ತಿದ್ದಳು. ಒಕ್ತಾ, ಗುಓಕ್ತೆ, ಗೋಲ್ಬ್ಮಾ. ನಾಲ್ಕಕ್ಕೆ ಕಲ್ಲು ಮುಳುಗಿತು. ಅವಳು ಇನ್ನೊಂದನ್ನು ಆರಿಸೋಕೆ ಬಗ್ಗಿದಳು.